ಆಗ್ನೇಯ ಮೂಲೆಯ ಕಂಬ

ಹೆಸರು ಅಮರಪುರ, ಆಯುಸ್ಸು ಎಪ್ಪತ್ತೈದು ವರ್ಷ. ನಮ್ಮತ್ತೆ ದೊ ಪ್ಯೂ ಇದನ್ನು ಹೇಳಿ ಹೇಳಿ ನಗುತ್ತಿದ್ದರು. ನಗುವ ಹಕ್ಕು ಅವರಿಗಿತ್ತು, ಯಾಕೆಂದರೆ ಊರು ಹುಟ್ಟಿದ ವರ್ಷವೇ ಅವರೂ ಹುಟ್ಟಿದ್ದು. ಹಳೆಯ ರಾಜಧಾನಿ ಇನ್ವಾ ಬಿಟ್ಟು ಹೊಸ ರಾಜಧಾನಿಗೆ ನಡೆಯಿರಿ ಎಂದು ಆಜ್ಞೆಯಾಗಿ, ಜನವೆಲ್ಲ ಮನೆ ಬಿಚ್ಚಿ ಗಾಡಿಗೆ ಹೇರಿಕೊಂಡು ಬರುತ್ತಿದ್ದಾಗ, ಒಂದು ಹುಣಸೆ ಮರದ ಕೆಳಗೆ ಅವರ ತಾಯಿಗೆ ಹೆರಿಗೆ ನೋವು ಬಂತಂತೆ. ಮಗು ಬಿದ್ದ ಜಾಗದಲ್ಲೇ ಗಾಡಿ ಇಳಿಸಿ ಮನೆ ಕಟ್ಟಿಕೊಂಡರು. ಅತ್ತೆಯ ಗಂಡ ಆ ಮನೆಗೆ ಅಳಿಯನಾಗಿ ಬಂದರು, ಆಮೇಲೆ ನಾನು ಸೊಸೆಯಾಗಿ ಬಂದೆ.

"ನಾನೂ ಈ ಊರೂ ಒಂದೇ ವಾರಿಗೆಯೋರು ಕಣೇ ಮಾ ಥೆಟ್. ಇಬ್ರಿಗೂ ಒಟ್ಟಿಗೇ ಹಲ್ಲು ಬಂತು, ಒಟ್ಟಿಗೇ ಉದುರ್ತಾ ಇದೆ" ಎನ್ನುತ್ತಿದ್ದರು.

ಊರು ಬೆಳೆದದ್ದನ್ನು ನಾನು ಕಂಡದ್ದೆಲ್ಲ ಅವರ ಬಾಯಲ್ಲೇ. ಇನ್ವಾದ ಅರಮನೆಯ ತೇಗದ ಕಂಬಗಳನ್ನು ಆನೆಗಳು ಎಳೆದು ತಂದವು. ಕಂದಕ ತೋಡಿದರು, ಗೋಡೆ ಎಬ್ಬಿಸಿದರು, ಕೋಟೆಯ ನಾಲ್ಕು ಮೂಲೆಗೆ ನಾಲ್ಕು ಪಗೋಡ ನಿಲ್ಲಿಸಿದರು. ಚೀನದವರು ಒಂದು ಬೀದಿ ಹಿಡಿದು ರೇಷ್ಮೆ ಮಾರತೊಡಗಿದರು. ಮಣಿಪುರದಿಂದ ಸೆರೆ ಹಿಡಿದು ತಂದ ನೇಕಾರರನ್ನು ಕೆರೆಯ ದಡದಲ್ಲಿ ಕೂರಿಸಿದರು. ಅವರ ಹೆಣ್ಣುಮಕ್ಕಳ ಜೊತೆ ಆಡಿಕೊಂಡೇ ಅತ್ತೆ ಮಗ್ಗ ಕಲಿತರು. ಅವರಿಗೆ ನಲವತ್ತಾದಾಗ ಇನ್ನೊಬ್ಬ ರಾಜನಿಗೆ ಇನ್ವಾವೇ ಚಂದ ಅನ್ನಿಸಿತು. ಮತ್ತೆ ಎಲ್ಲರೂ ಗಾಡಿ ಕಟ್ಟಿದರು. ಹದಿನೈದು ವರ್ಷ ಕಳೆದ ಮೇಲೆ ಭೂಮಿ ನಡುಗಿ ಇನ್ವಾ ನೆಲಕಚ್ಚಿತು. ಮತ್ತೆ ಎಲ್ಲರೂ ಅಮರಪುರಕ್ಕೆ, ನಮ್ಮ ಮನೆಯವರು ಅದೇ ಹುಣಸೆ ಮರದ ಕೆಳಕ್ಕೆ. ಹಾಗೆ ಹುಟ್ಟಿದಂದಿನಿಂದ ಮೂರು ಸಲ ಮನೆ ಬಿಚ್ಚಿ ಕಟ್ಟಿದ್ದನ್ನು ಕಂಡ ಹೆಂಗಸು ನಮ್ಮತ್ತೆ.

ಈಗ ನಾಲ್ಕನೇ ಆಜ್ಞೆ ಬಂದಿತ್ತು. ಮಂಡಾಲೆ ಬೆಟ್ಟದ ಬುಡದಲ್ಲಿ ಹೊಸ ರಾಜಧಾನಿ. ಬೇಸಿಗೆ ಮುಗಿಯುವುದರೊಳಗೆ ಒಬ್ಬರೂ ಉಳಿಯದೆ ಹೊರಡಬೇಕು; ಮನೆ ಬಿಚ್ಚಿಕೊಂಡು ಹೋಗಬೇಕು; ಯಾವ ಕಸುಬಿನವರಿಗೆ ಯಾವ ಬೀದಿ ಎಂದು ಗೂಟ ಹೊಡೆದಾಗಿದೆ.

ಸುದ್ದಿ ತಂದವನು ನಮ್ಮ ಕೇರಿಯ ಯಜಮಾನ ಊ ಚಾನ್ ಥಾ. ಅರವತ್ತು ವರ್ಷದ ದಪ್ಪ ಮನುಷ್ಯ, ಊರಿಗೆಲ್ಲ ದೊಡ್ಡವನು, ಅತ್ತೆಯ ಮುಂದೆ ಮಾತ್ರ ಬೆಕ್ಕು.

"ದೊಡ್ಡಮ್ಮ, ನೇಕಾರರಿಗೆ ಪಡುವಣ ಬೀದಿ ಕೊಟ್ಟಿದಾರೆ. ವಿಶಾಲವಾದ ಜಾಗ. ಒಳ್ಳೆ ಗಾಳಿ" ಎಂದ.

"ನೀರು?"

"ಬಾವಿ ತೋಡ್ತಾರಂತೆ."

"ಬಾವಿ ನೀರಲ್ಲಿ ರೇಷ್ಮೆ ತೊಳೆಯೋಕೆ ನಿಮ್ಮಮ್ಮ ಹೇಳ್ಕೊಟ್ಳಾ? ಹೋಗೋ ಚಾನ್ ಥಾ. ನೀನು ಇದೇ ಕೆರೇಲಿ ಬತ್ತಲೆ ಈಜ್ತಿದ್ದಾಗ ನಿನ್ನ ಲುಂಗಿ ಬಚ್ಚಿಟ್ಟೋಳು ನಾನು. ನನಗೆ ಗಾಳಿ ಮಾರ್ಬೇಡ."

ಅವನು ತಲೆ ಕೆರೆದುಕೊಂಡ. "ಇದು ನನ್ನ ಮಾತಲ್ಲ ದೊಡ್ಡಮ್ಮ, ಆಜ್ಞೆ. ಒಂದು ಮನೆ ಉಳಿದ್ರೂ ನನ್ನ ತಲೆಗೆ ಬರುತ್ತೆ."

"ನಾನು ಈ ಮರದ ಕೆಳಗೆ ಹುಟ್ಟಿದೋಳು. ಸಾಯೋದೂ ಇಲ್ಲೇ. ಅದು ನನ್ನ ಆಜ್ಞೆ" ಎಂದು ಅತ್ತೆ ಚುಟ್ಟ ಹಚ್ಚಿದರು.

ನನಗೆ ನಿಜವಾಗಿ ಹೆದರಿಕೆಯಾಯಿತು. ಆಜ್ಞೆ ಮೀರಿದವರನ್ನು ಎತ್ತಿ ಗಾಡಿಗೆ ಹಾಕುತ್ತಾರೆ. ಎತ್ತಿ ಹಾಕಿದರೆ ಈ ಮುದುಕಿ ಹೊಸ ಊರಿನ ಧೂಳಿನಲ್ಲಿ ಒಂದು ತಿಂಗಳೂ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಹೋದರೆ ನನ್ನ ಕೈಯೂ ಹೋದಂತೆ. ನಮ್ಮದು ನೂರು ಲಾಳಿಯ ಮಗ್ಗ. ಒಬ್ಬರು ನೇಯುವ ಮಗ್ಗವಲ್ಲ ಅದು. ಇಬ್ಬರು ಪಕ್ಕ ಪಕ್ಕ ಕೂತು, ಒಂದೊಂದು ಬಣ್ಣಕ್ಕೆ ಒಂದೊಂದು ಸಣ್ಣ ಲಾಳಿ ಹಿಡಿದು, ಕೈಯಿಂದ ಕೈಗೆ ದಾಟಿಸುತ್ತ ಹೋಗಬೇಕು. ಅಲೆಯ ಮೇಲೆ ಅಲೆ ಬರುವ ಆ ವಿನ್ಯಾಸದ ಮುಖ ಕೆಳಗಿರುತ್ತದೆ. ನೇಯುವವರಿಗೆ ಕಾಣುವುದು ಬೆನ್ನು ಮಾತ್ರ. ಕೆಳಗೆ ಕನ್ನಡಿ ಹಿಡಿದು ನೋಡಿದಾಗಲೇ ಸರಿಯೋ ತಪ್ಪೋ ಗೊತ್ತಾಗುವುದು. ಅತ್ತೆಗೆ ಕನ್ನಡಿಯೂ ಬೇಕಿರಲಿಲ್ಲ. ಹದಿನೆಂಟು ವರ್ಷ ಅವರು ಬಲಕ್ಕೆ, ನಾನು ಎಡಕ್ಕೆ. ಬಂದ ಹೊಸದರಲ್ಲಿ ನನ್ನ ಬೆರಳುಗಳನ್ನು ನೋಡಿ "ಇವು ಬೆರಳಾ, ಬಾಳೆಕಾಯಾ?" ಎಂದಿದ್ದರು. ಈಗ ನಾನು ಕೈ ಚಾಚುವ ಮೊದಲೇ ಲಾಳಿ ನನ್ನ ಅಂಗೈಯಲ್ಲಿರುತ್ತಿತ್ತು. ಹೆತ್ತ ತಾಯಿಯ ಪಕ್ಕದಲ್ಲೂ ನಾನು ಅಷ್ಟು ವರ್ಷ ಕೂತಿರಲಿಲ್ಲ.

ನನ್ನ ಗಂಡ ಸಾನ್ ಡುನ್‌ಗೆ ಮಾತ್ರ ಹೊಸ ಊರಿನ ಹುಚ್ಚು. ಅವರು ಬಡಗಿ, ಅರಮನೆ ಬಿಚ್ಚುವ ಕೆಲಸದವರಿಗೆ ಮೇಸ್ತ್ರಿ. ಪ್ರತಿ ಕಂಬದ ಬುಡಕ್ಕೆ ಸುಣ್ಣದಲ್ಲಿ ಗುರುತು ಹಾಕುವುದು ಅವರ ಕೆಲಸ, ಯಾಕೆಂದರೆ ಮರ ಬೆಳೆದ ದಿಕ್ಕಿಗೇ ಕಂಬ ನಿಲ್ಲಬೇಕು. ತಲೆಕೆಳಗಾಗಿ ನಿಲ್ಲಿಸಿದರೆ ಮನೆ ಉದ್ಧಾರವಾಗುವುದಿಲ್ಲ. ದಿನಕ್ಕೆ ಹತ್ತು ಕಂಬ ಕಿತ್ತು ಆನೆಗೆ ಕಟ್ಟಿ ಕಳಿಸಿ, ಮನೆಗೆ ಬಂದು ಅನ್ನದ ಮುಂದೆ ಕೂತು ಅದೇ ಪುರಾಣ.

"ಇವತ್ತು ಸಿಂಹಾಸನದ ಹಿಂದಿನ ಕಂಬ ತೆಗೆದ್ವಿ. ಇಬ್ರು ತಬ್ಬಿದ್ರೂ ಸಿಕ್ಕಲ್ಲ. ಹೂವಿನ ಹಾಗೆ ಎತ್ತಿದ್ವಿ!"

"ಅದನ್ನ ಇಲ್ಲಿ ನಿಲ್ಲಿಸಿದಾಗ ನಿಮ್ಮಪ್ಪ ಅಲ್ಲೇ ಕೆಲಸಕ್ಕಿದ್ದ" ಎಂದರು ಅತ್ತೆ. "ಅವನೂ ಹೀಗೇ ಜಂಬ ಕೊಚ್ಚಿದ್ದ. ಮೀನಿನ ಗೊಜ್ಜು ತಿನ್ನು, ಆರಿ ಹೋಗುತ್ತೆ."

"ಅಮ್ಮ, ಎಲ್ರೂ ಹೋಗ್ತಾರೆ. ನೀನೊಬ್ಳೇ ಇಲ್ಲಿ ಕಾಗೆ ಕಾಯ್ತೀಯಾ?"

"ಕಾಗೆ ರಾಜಧಾನಿ ಬದಲಾಯಿಸಲ್ಲ, ನೋಡು. ಅದಕ್ಕಿರೋ ಬುದ್ಧಿ ನಿಮಗಿಲ್ಲ."

ಹತ್ತು ವರ್ಷದ ನನ್ನ ಮಗಳು ಖಿನ್ ಲೇ ಅನ್ನ ಉಗುಳುವಷ್ಟು ನಕ್ಕಳು. ಸಾನ್ ಡುನ್ ನಗಲಿಲ್ಲ. ತಾಯಿಯನ್ನು ಒಂದು ಗಳಿಗೆ ನೋಡಿ ಕೈ ತೊಳೆಯಲು ಎದ್ದರು. ಕಲ್ಲುಮನಸ್ಸು ಎಂದು ನಾನು ಒಳಗೊಳಗೇ ಬೈದುಕೊಂಡೆ.

ಕೇರಿ ಖಾಲಿಯಾಗುತ್ತ ಬಂತು. ದಿನಾ ಬೆಳಿಗ್ಗೆ ಎದ್ದರೆ ಒಂದು ಮನೆ ಕಡಿಮೆ. ಸರಿಯಾಗಿ ನಮ್ಮ ಸರದಿಗೆ ನಾಲ್ಕು ದಿನ ಇರುವಾಗ ಅತ್ತೆ ಇದ್ದಕ್ಕಿದ್ದಂತೆ, "ಸರಿ, ಬರ್ತೀನಿ" ಎಂದುಬಿಟ್ಟರು.

ಊ ಚಾನ್ ಥಾ ಕಣ್ಣೀರು ಹಾಕುವುದೊಂದು ಬಾಕಿ. ನನಗೆ ಮಾತ್ರ ಅನುಮಾನ. ಹದಿನೆಂಟು ವರ್ಷದಲ್ಲಿ ಈ ಹೆಂಗಸು ಯಾವ ವಾದದಲ್ಲೂ ಸೋತದ್ದನ್ನು ನಾನು ನೋಡಿರಲಿಲ್ಲ.

ಮನೆ ಬಿಚ್ಚಿದೆವು. ಮಾಡಿನ ಹುಲ್ಲು ಇಳಿಸಿ, ಬಿದಿರಿನ ತಟ್ಟಿ ಸುತ್ತಿ, ಒಂಬತ್ತು ಕಂಬಗಳಲ್ಲಿ ಎಂಟನ್ನು ಕಿತ್ತು ಗುರುತು ಹಾಕಿದ್ದಾಯಿತು. ಆಗ್ನೇಯ ಮೂಲೆಯದು ಮಾತ್ರ ಉಳಿಯಿತು. ಅದೇ ಮನೆದೇವರ ಕಂಬ. ನಮ್ಮ ಮನೆದೇವರು ಹಿಂದೆ ಬೆಂಕಿಯಲ್ಲಿ ಬೆಂದವನು, ಅವನಿಗೆ ತಂಪು ಬೇಕು. ಅದಕ್ಕೇ ಪ್ರತಿ ಮನೆಯಲ್ಲೂ ಆ ಕಂಬಕ್ಕೆ ತಲೆಗೆ ಕೆಂಪು ಬಟ್ಟೆ ಸುತ್ತಿದ ತೆಂಗಿನಕಾಯಿ ನೇತು ಹಾಕುತ್ತೇವೆ. ಕಾಯಿ ಹಳತಾದರೆ ಹೊಸದು. ಮನೆ ಬಿಡುವಾಗ ಆ ಕಾಯಿ ಎಲ್ಲರಿಗಿಂತ ಮೊದಲು ಗಾಡಿ ಹತ್ತಬೇಕು.

ಸಾನ್ ಡುನ್ ಆ ಕಂಬದ ಬುಡದಲ್ಲಿ ಅರ್ಧ ಆಳುದ್ದ ಅಗೆದು, ಮೈಯೆಲ್ಲ ಮಣ್ಣಾಗಿ ಮೇಲೆ ಬಂದರು.

"ಬರಲ್ಲ. ಹುಣಸೆ ಬೇರು ಸುತ್ಕೊಂಡಿದೆ. ಕಡಿಯೋಕೆ ಎರಡು ದಿನ ಬೇಕು. ಬಿಡಿ, ಅಲ್ಲಿ ಹೊಸದು ಹಾಕೋಣ" ಎಂದು ಅಗೆದ ಮಣ್ಣನ್ನು ತಾವೇ ಮುಚ್ಚಿದರು.

ಹೊರಡುವ ಬೆಳಿಗ್ಗೆ ಗಲಾಟೆಯೋ ಗಲಾಟೆ. ಮಗ್ಗ ಬಿಚ್ಚಿ ಕಟ್ಟಿದ್ದೆ, ನೂರು ಲಾಳಿ ಎಣಿಸಿ ಬುಟ್ಟಿಗೆ ಹಾಕಿದ್ದೆ, ಕೋಳಿಗಳು ತಪ್ಪಿಸಿಕೊಂಡಿದ್ದವು. "ದೇವರನ್ನ ನಾನು ನೋಡ್ಕೋತೀನಿ, ನೀವು ಕೋಳಿ ಹಿಡೀರಿ" ಎಂದರು ಅತ್ತೆ. ಕೆಂಪು ಬಟ್ಟೆಯ ಒಂದು ಗಂಟನ್ನು ಮಡಿಲಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತರು. ದಾರಿಯುದ್ದಕ್ಕೂ ಅದನ್ನು ತಟ್ಟುತ್ತ ಏನೋ ಗುನುಗುತ್ತಿದ್ದರು. ನಾನು ಪಾಪ ಎಂದುಕೊಂಡು ಅವರ ತಲೆಯ ಮೇಲೆ ಕೊಡೆ ಹಿಡಿದು ಕೂತೆ.

ಹೊಸ ಊರಿನಲ್ಲಿ ನಮಗೆ ಸಿಕ್ಕಿದ್ದು ನಾಲ್ಕು ಗೂಟ ಮತ್ತು ಬೇಕಾದಷ್ಟು ಧೂಳು. ಒಂಬತ್ತು ದಿನದಲ್ಲಿ ಮನೆ ಎದ್ದಿತು. ಮೂಲೆಗೆ ಹೊಸ ಕಂಬ ಬಂತು. ದೇವರನ್ನು ಕಟ್ಟುವ ಹೊತ್ತಿಗೆ ಕೇರಿಯವರೆಲ್ಲ ಸೇರಿದರು, ಊ ಚಾನ್ ಥಾ ರೇಷ್ಮೆ ರುಮಾಲು ಸುತ್ತಿಕೊಂಡು ಬಂದು ಮುಂದೆ ಕೂತ. ಅತ್ತೆ ಗಂಟು ಬಿಚ್ಚಿದರು. ಒಳಗೆ ಇದ್ದದ್ದು ಅವರು ಅಗಿಯುವ ಚಹಾ ಎಲೆಯ ಉಪ್ಪಿನಕಾಯಿಯ ಡಬ್ಬಿ.

"ಅಯ್ಯೋ ದೇವ್ರೇ, ಮರ್ತೇ ಹೋಯ್ತಲ್ಲ!" ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. "ವಯಸ್ಸಾಯ್ತು ಕಣ್ರೋ. ಕಾಯಿ ಅಲ್ಲೇ ಕಂಬದ ಮೇಲೇ ಇದೆ!"

ಕೋಳಿ ಹಿಡಿಯುವ ಗಲಾಟೆಯಲ್ಲಿ ನಾನೂ ಕಂಬದ ಕಡೆ ತಿರುಗಿ ನೋಡಿರಲಿಲ್ಲ. ಊ ಚಾನ್ ಥಾನ ಮುಖ ಬಿಳಿಚಿಕೊಂಡಿತು. ಹುಲ್ಲು ಮಾಡಿನ ಸಾವಿರ ಮನೆಗಳ ನಡುವೆ ಬೆಂದ ದೇವರನ್ನು ಬಿಸಿಲಲ್ಲಿ ಬಿಟ್ಟು ಬಂದ ಮನೆ ಒಂದು! ನಾಳೆ ಎಲ್ಲಾದರೂ ಕಿಡಿ ಹಾರಿದರೆ ಯಜಮಾನನನ್ನೇ ಕೇಳುತ್ತಾರೆ.

"ಬೇರೆ ಕಾಯಿ ಕಟ್ಟಿದ್ರೆ?" ಎಂದೆ ನಾನು.

"ಹಳೇದು ಅಲ್ಲಿ ನೇತಾಡ್ತಾ ಇರುವಾಗ್ಲಾ?" ಎಂದು ಅವನೇ ನನ್ನ ಮೇಲೆ ಹಾರಿಬಿದ್ದ. "ದೇವರಿಗೆ ಎರಡೆರಡು ಸಂಸಾರ ಮಾಡಿಸ್ತೀಯೇನಮ್ಮ? ಮನೆಗೆ ಹಿರೀ ಹೆಂಗಸೇ ಕೈಯಾರೆ ಇಳಿಸಿ, ತಪ್ಪಾಯ್ತು ಅಂತ ಕೇಳ್ಕೊಂಡು ತರಬೇಕು. ದೊಡ್ಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ ಬನ್ನಿ. ಗಾಡಿ ನಾನೇ ಕೊಡ್ತೀನಿ."

"ನೀನು ಇಷ್ಟು ಬೇಡ್ಕೊಂಡ ಮೇಲೆ ಹೋಗದೆ ಇರೋಕಾಗುತ್ತಾ" ಎಂದರು ಅತ್ತೆ. ಮುದುಕಿಯನ್ನು ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ನಾನೂ ಮಗಳೂ ಜೊತೆಗೆ ಹತ್ತಿದೆವು. ಸಾನ್ ಡುನ್ ಗಾಡಿಗೆ ಎರಡು ಚಾಪೆ, ಒಂದು ಅಕ್ಕಿಯ ಮೂಟೆ, ನನ್ನ ಲಾಳಿಯ ಬುಟ್ಟಿ ಇಟ್ಟರು. "ಅರ್ಧ ದಿನದ ದಾರಿಗೆ ಇದೆಲ್ಲ ಯಾಕ್ರೀ?" ಎಂದೆ. "ಇರ್ಲಿ" ಎಂದು ಎತ್ತಿನ ಬೆನ್ನು ತಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಅಮರಪುರ ಮುಟ್ಟಿದೆವು. ಊರೆಲ್ಲಿ? ಅರಮನೆಯಿದ್ದ ಕಡೆ ಸಾಲು ಸಾಲು ಗುಂಡಿ, ಗುಂಡಿಯಲ್ಲಿ ಆಡುಗಳು ಮಲಗಿದ್ದವು. ಚೀನದವರ ಬೀದಿಯಲ್ಲಿ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ. ಪಗೋಡಗಳು ಮಾತ್ರ ಇಟ್ಟಲ್ಲೇ ಇದ್ದವು. ನನಗೆ ಅಳು ಬಂತು, ಅತ್ತೆಗೆ ಬರಲಿಲ್ಲ. ಕೆರೆಯ ಉದ್ದನೆಯ ಮರದ ಸೇತುವೆಯನ್ನು ಮೊಮ್ಮಗಳಿಗೆ ತೋರಿಸುತ್ತಿದ್ದರು.

"ಆ ಕಂಬಗಳೆಲ್ಲ ಇನ್ವಾದ ಅರಮನೇವು, ಗೊತ್ತಾ? ಅದ್ರಲ್ಲಿ ಒಂದಕ್ಕೆ ಒರಗಿ ನಿಂತು ರಾಣಿ ನಾನು ನೇಯ್ದ ಬಟ್ಟೆ ನೋಡಿದ್ಲು. ಈಗ ಅದಕ್ಕೆ ಮೀನಿನೋರು ದೋಣಿ ಕಟ್ತಾರೆ. ಕಂಬಕ್ಕೇನೂ ಬೇಜಾರಿಲ್ಲ, ನೋಡು. ನಿಂತಿದೆ."

ಹುಣಸೆ ಮರದ ಕೆಳಗೆ ನಮ್ಮ ಒಂಟಿ ಕಂಬವೂ ನಿಂತಿತ್ತು, ಕಾಯಿಯೂ ನೇತಾಡುತ್ತಿತ್ತು. ಅತ್ತೆಗೆ ಕೈ ಎಟುಕಲಿಲ್ಲವೆಂದು ನಾನು ಅವರನ್ನು ಎತ್ತಿ ಹಿಡಿದೆ. ಅವರು ಇಳಿಸಿ ಕೆಂಪು ಬಟ್ಟೆ ಸರಿಸಿದರು. ಕಾಯಿಯ ತಲೆಯಿಂದ ಒಂದು ಗೇಣು ಮೊಳಕೆ ಎದ್ದಿತ್ತು, ತುದಿಯಲ್ಲಿ ಎರಡು ಹಸಿರು ಎಲೆ.

ಒಂಬತ್ತು ಹತ್ತು ದಿನದಲ್ಲಿ ಬರುವ ಮೊಳಕೆಯಲ್ಲ ಅದು. ನನಗೆ ಥಟ್ಟನೆ ನೆನಪಾಯಿತು: ಮಳೆಗಾಲದ ಉಪವಾಸ ಮುಗಿದ ಹಬ್ಬದಲ್ಲಿ ಎಲ್ಲರ ಮನೆಯಲ್ಲೂ ಕಾಯಿ ಬದಲಾಯಿಸಿದಾಗ, "ನಮ್ಮದು ಇನ್ನೂ ಚೆನ್ನಾಗಿದೆ" ಎಂದು ಇವರು ತಡೆದಿದ್ದರು. ಆಮೇಲೆ ಯಾರಿಗೂ ಅದರ ಬಟ್ಟೆ ಮುಟ್ಟಲು ಬಿಟ್ಟಿರಲಿಲ್ಲ. ಹೊಸ ಊರಿನ ಗುಸುಗುಸು ಶುರುವಾಗಿದ್ದೂ ಆಗಲೇ.

"ಅತ್ತೆ, ಇದು ಮರೆವಲ್ಲ."

"ಇನ್ನೇನು ಮತ್ತೆ?"

"ದೇವರ ಹತ್ರ ಆಟ ಆಡಿದೀರ. ನಿಮಗೆ ಹೆದರಿಕೆ ಆಗ್ಲಿಲ್ವಾ?"

"ಆಯ್ತು" ಎಂದರು ಅತ್ತೆ. ಆ ದಿನ ಮೊದಲ ಸಲ ಅವರ ದನಿ ಸಣ್ಣದಾಗಿತ್ತು. "ದಿನಾ ಕೇಳ್ಕೋತಿದ್ದೆ. ಅಪ್ಪಾ, ನಿನಗೂ ಸಾಕಾಗಿದ್ರೆ ಮೊಳೆ, ಇಲ್ಲದಿದ್ರೆ ಒಣಗು ಅಂತ. ಒಣಗಿದ್ರೆ ಬಾಯಿ ಮುಚ್ಕೊಂಡು ಹೊಸ ಊರಲ್ಲೇ ಇರ್ತಿದ್ದೆ ಕಣೇ. ಅವನು ಮೊಳೆತ."

ಮೊಳೆತ ಕಾಯಿಯನ್ನು ಮತ್ತೆ ನೇತು ಹಾಕುವಂತಿಲ್ಲ, ಒಡೆಯುವಂತಿಲ್ಲ. ಮಣ್ಣಿಗೇ ಇಡಬೇಕು. ಇಬ್ಬರೂ ಸೇರಿ ಕಂಬದ ಪಕ್ಕ ಅಗೆದು ನೆಟ್ಟೆವು. ಖಿನ್ ಲೇ ಕೆರೆಯಿಂದ ನೀರು ತಂದು ಹಾಕಿದಳು.

ಮೂರನೇ ದಿನ ಊ ಚಾನ್ ಥಾ ಕೂಗಾಡಿಕೊಂಡೇ ಬಂದ. ಗಿಡ ನೋಡಿದ, ಕಂಬ ನೋಡಿದ, ನೆಲದ ಮೇಲೆ ಕೂತುಬಿಟ್ಟ.

"ಏನ್ ಮಾಡಿಬಿಟ್ರಿ ದೊಡ್ಡಮ್ಮ?"

"ನಾನೇನ್ ಮಾಡ್ದೆ? ಬರೋಕೆ ನಾನು ತಯಾರು. ದೇವರು ಬೇರು ಬಿಟ್ಟಿದಾನೆ. ನೀನೇ ಕಿತ್ಕೊಂಡು ಹೋಗು. ತಗೋ ಗುದ್ದಲಿ."

ಅವನು ಗುದ್ದಲಿಯನ್ನು ಮುಟ್ಟಲಿಲ್ಲ. ಅತ್ತೆ ಕೊಟ್ಟ ಚಹಾ ಎಲೆ ಅಗಿದು, ಕೊನೆಗೆ, "ಈ ಮನೆಯ ದೇವರು ಬರಲು ಒಪ್ಪಲಿಲ್ಲ, ಮನೆಯವರು ಸೇವೆಗೆ ಉಳಿದಿದ್ದಾರೆ ಅಂತ ಬರೆಸ್ತೀನಿ" ಎಂದ. "ಜನಕ್ಕೆ ಆಜ್ಞೆ ಕೊಡ್ಬಹುದು. ದೇವರಿಗೆ ಯಾರು ಕೊಡ್ತಾರೆ?" ಎದ್ದು ಹೋಗುವಾಗ ಕೆರೆಯ ಕಡೆ ತಿರುಗಿ ಎರಡು ಸಲ ನೋಡಿದ. ಪಾಪ, ಅವನೂ ಅಲ್ಲೇ ಈಜಿದವನು.

ಆ ಕಂಬಕ್ಕೆ ಒರಗಿಸಿ ಬಿದಿರಿನ ಗುಡಿಸಲು ಮಾಡಿಕೊಂಡೆವು. ಸಾನ್ ಡುನ್ ಹೊಸ ಅರಮನೆ ನಿಲ್ಲಿಸುತ್ತಿದ್ದರು. ಕೆಲಸಕ್ಕೆ ಬಿಡುವಿರುವ ಉಪವಾಸದ ದಿನ ಬಂದಾಗಲೆಲ್ಲ ಮಗ್ಗದ ಒಂದೊಂದು ಭಾಗವನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದರು. ಮಳೆಗಾಲ ಕಳೆದ ಮೇಲೆ ಮನೆಯನ್ನೇ ಹೊತ್ತುಕೊಂಡು ಬಂದರು, ಎಂಟು ಕಂಬದ ಸಮೇತ. "ಅಲ್ಲಿ ನೀರು ಒಗ್ಗಲ್ಲ" ಎಂದಷ್ಟೇ ಹೇಳಿದರು. ರೇಷ್ಮೆಗೂ ಆ ಬಾವಿ ನೀರು ಒಗ್ಗಿರಲಿಲ್ಲ, ಬಣ್ಣ ಮಂಕಾಗುತ್ತಿತ್ತು. ರಾಣಿವಾಸದಿಂದ ದೂರು ಬಂದ ಮೇಲೆ ನೇಕಾರರು ಒಂದೊಂದೇ ಗಾಡಿಯಲ್ಲಿ ಹಿಂದಿರುಗಿದರು, ಯಾರೂ ತಡೆಯಲಿಲ್ಲ. ಮರುವರ್ಷ ಕೆರೆಯ ದಡದಲ್ಲಿ ಇಪ್ಪತ್ತು ಮಗ್ಗ ಸದ್ದು ಮಾಡುತ್ತಿದ್ದವು. ರಾಜಧಾನಿ ಹೋಯಿತು, ಊರು ಉಳಿಯಿತು.

ಅತ್ತೆ ಮತ್ತೆ ನಾಲ್ಕು ವರ್ಷ ನನ್ನ ಬಲಕ್ಕೆ ಕೂತರು. ಒಂದು ಬೆಳಿಗ್ಗೆ ನಾನು ಕೈ ಚಾಚಿದೆ, ಲಾಳಿ ಬರಲಿಲ್ಲ. ತಿರುಗಿ ನೋಡಿದರೆ ಹುಣಸೆ ಮರದ ಕಡೆ ಮುಖ ಮಾಡಿ ನಿದ್ದೆ ಹೋದವರ ಹಾಗೆ ಇದ್ದರು. ನನಗೆ ಅಳು ತಡೆಯಲಿಲ್ಲ. ಆದರೆ ದುಃಖದಲ್ಲೂ ಒಂದು ತೃಪ್ತಿ ಇತ್ತು. ಎಲ್ಲಿ ಹುಟ್ಟಿದರೋ ಅಲ್ಲೇ, ಕೈಯಲ್ಲಿ ಕೆಲಸ ಹಿಡಿದು ಹೋದರು.

ಈಗ ನಾನು ಬಲಕ್ಕೆ, ಖಿನ್ ಲೇ ಎಡಕ್ಕೆ. ಹೋದ ತಿಂಗಳು ಅವಳ ಮದುವೆಗೆಂದು ಮನೆಯನ್ನು ನಾಲ್ಕು ಮೊಳ ಬೆಳೆಸಬೇಕಾಯಿತು. ಆಗ್ನೇಯ ಮೂಲೆಯ ಕಂಬವನ್ನು ಆಚೆ ಸರಿಸದೆ ದಾರಿಯಿರಲಿಲ್ಲ.

"ಎರಡು ದಿನದ ಕೆಲಸ, ಬೇರು ಕಡೀಬೇಕು" ಎಂದು ನಾನು ಆಳುಗಳಿಗೆ ಮೊದಲೇ ಹೇಳಿ, ನಾಲ್ಕು ಹೊತ್ತಿನ ಅಡಿಗೆಗೆ ಅಕ್ಕಿ ತೆಗೆದಿಟ್ಟೆ. ಇಬ್ಬರೇ ಆಳು. ಅನ್ನ ಬೇಯುವಷ್ಟರಲ್ಲಿ ಕಂಬ ಅಂಗಳದಲ್ಲಿ ಅಡ್ಡ ಮಲಗಿತ್ತು. ಹೋಗಿ ಬಗ್ಗಿ ನೋಡಿದೆ. ಬುಡಕ್ಕೆ ಅತ್ತೆಯ ಕಾಲದಲ್ಲಿ ಗೆದ್ದಲು ಹಿಡಿಯದಂತೆ ಬಳಿದ ಕರಿ ಎಣ್ಣೆ ಹಾಗೇ ಮಿರಮಿರ ಮಿಂಚುತ್ತಿತ್ತು. ಗುಂಡಿಯೊಳಗೆ ಇಳಿದು ಕೈಯಾಡಿಸಿದೆ. ಬರೀ ಸಡಿಲ ಮಣ್ಣು. ಬೇರಿನ ಒಂದು ಎಳೆಯೂ ಇಲ್ಲ, ಇದ್ದದ್ದರ ಗುರುತೂ ಇಲ್ಲ.

ಅರಮನೆಯ ಕಂಬಗಳನ್ನು ಹೂವಿನ ಹಾಗೆ ಎತ್ತಿದ ಮೇಸ್ತ್ರಿ ಜಗಲಿಯ ಮೇಲೆ ಕೂತು ಚುಟ್ಟ ಸೇದುತ್ತಿದ್ದರು. ಈಗ ಅವರಿಗೂ ಕಣ್ಣು ಮಂಜು. ಕಲ್ಲುಮನಸ್ಸು ಎಂದು ಬೈದುಕೊಂಡಿದ್ದೆನಲ್ಲ, ಅದು ನೆನಪಾಗಿ, ಗುಂಡಿಯೊಳಗಿಂದಲೇ ಕೂಗಿದೆ.

"ರೀ, ಇಲ್ಲಿ ಹುಣಸೆ ಬೇರೇ ಇಲ್ವಲ್ಲ?"

ಅವರು ತೆಂಗಿನ ಮರದ ಕಡೆ ಕತ್ತೆತ್ತಿ ನೋಡಿದರು. ಅದು ಈಗ ಮಾಡಿಗಿಂತ ಮೇಲೆ ಹೋಗಿದೆ, ಈ ವರ್ಷ ಮೊದಲ ಗೊನೆ ಬಿಟ್ಟಿದೆ.

"ಕೊಳೆತು ಹೋಗಿರ್ಬೇಕು" ಎಂದರು.

ನಾನು ಗುಂಡಿಯಿಂದ ಮೇಲೆ ಬಂದೆ. ಆಳುಗಳು ಹೊಸ ಗುಂಡಿಯಲ್ಲಿ ಕಂಬವನ್ನು ಬುಡ ಕೆಳಗೆ ಮಾಡಿಯೇ ನಿಲ್ಲಿಸಿದರು. ಆ ಮರದ್ದೇ ಒಂದು ಕಾಯಿ ಇಳಿಸಿ, ಕೆಂಪು ಬಟ್ಟೆ ಸುತ್ತಿ, ನಾನು ಮಣೆ ಹತ್ತಿದೆ. ಸಾನ್ ಡುನ್ ಎದ್ದು ಬಂದು ಮಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಗಟ್ಟಿಯಾಗಿ ಕಟ್ಟು. ನಮ್ಮನೆ ಹೆಂಗಸರಿಗೆ ಮರೆವು ಜಾಸ್ತಿ" ಎಂದರು.